ಬ್ಯಾರಕ್‌ನಲ್ಲಿ ಅಮ್ಮ ಎದ್ದಾಗ

ಮೈಮೇಲೆ ನೀರುಗುಳ್ಳೆ ಎದ್ದ ಕೈದಿ ಡಾಕ್ಟರ ಹತ್ತಿರ ಓಡಿ ಬರುತ್ತಾನೆ ಅಂತ ಹೊರಗಿನವರು ಅಂದುಕೊಂಡಿರುತ್ತಾರೆ. ಬರುವುದಿಲ್ಲ. ತುಂಬುತೋಳಿನ ಅಂಗಿ ಹಾಕಿಕೊಂಡು, ಎಣಿಕೆಯ ಹೊತ್ತಿಗೆ ಹಿಂದಿನ ಸಾಲಿನಲ್ಲಿ ನಿಂತು, ಆದಷ್ಟು ದಿನ ಮುಚ್ಚಿಡುತ್ತಾನೆ. ಮೈಸೂರು ಭಾಗದ ಜೈಲೊಂದರಲ್ಲಿ ವೈದ್ಯಾಧಿಕಾರಿಯಾಗಿದ್ದಾಗ ಸೋಂಕು ತಡೆಯುವ ನನ್ನ ಕೆಲಸದಲ್ಲಿ ಅರ್ಧಕ್ಕಿಂತ ಹೆಚ್ಚು ಹೋದದ್ದು ಈ ಮುಚ್ಚಿಡುವುದನ್ನು ಬಿಡಿಸುವುದಕ್ಕೆ. ಔಷಧ ಕೊಡುವುದು ಆಮೇಲಿನ ಮಾತು.

ಮುಚ್ಚಿಡುವುದಕ್ಕೆ ಕಾರಣ ಇದೆ. ಜಗಳವಾಡಿದವನನ್ನೂ ಮೊಬೈಲ್ ಇಟ್ಟುಕೊಂಡು ಸಿಕ್ಕಿಬಿದ್ದವನನ್ನೂ ಕೂಡಿಹಾಕುವ ಒಂಟಿ ಸೆಲ್ಲಿಗೇ ಜ್ವರದವನನ್ನೂ ಹಾಕುವ ರೂಢಿ ಇತ್ತು. ಅಲ್ಲಿ ಮುಲಾಖಾತ್, ಅಂದರೆ ಮನೆಯವರ ಭೇಟಿ, ಇಲ್ಲ, ಕ್ಯಾಂಟೀನ್ ಇಲ್ಲ, ಟಿ.ವಿ. ಇಲ್ಲ. ಅದನ್ನೆಲ್ಲ ಹೇಗೋ ಸಹಿಸಿಕೊಂಡಾರು, ಮಲಗುವ ಜಾಗ ಹೋಗುವುದನ್ನು ಮಾತ್ರ ಸಹಿಸರು. ಫ್ಯಾನಿನ ಕೆಳಗೋ ಕಿಟಕಿಯ ಪಕ್ಕವೋ ಒಂದು ಚಾಪೆಯಗಲದ ನೆಲ ಬ್ಯಾರಕ್‌ನಲ್ಲಿ ಯಾರಿಗೂ ಪುಕ್ಕಟೆ ಸಿಗುವುದಿಲ್ಲ. ಹೊಸಬ ಶೌಚಾಲಯದ ಬಾಗಿಲ ಬಳಿ ಶುರುಮಾಡಿ ತಿಂಗಳುಗಟ್ಟಲೆ ಕಾದು ಅಲ್ಲಿಗೆ ತಲುಪಿರುತ್ತಾನೆ. ಒಂದು ವಾರ ಆಚೆ ಹೋದನೋ, ಅಲ್ಲಿ ಬೇರೆಯವನ ಚಾಪೆ ಬಿದ್ದಿರುತ್ತದೆ. ದೇಶದ ಜೈಲುಗಳ 2022ರ ಸರ್ಕಾರಿ ಅಂಕಿಅಂಶದ ಪ್ರಕಾರ ನೂರು ಜನರ ಜಾಗದಲ್ಲಿ 131 ಜನ ಇದ್ದರು. ಅಂಥ ಕಡೆ ನೆಲದ ಬೆಲೆ ಏನು ಅಂತ ಒಳಗಿದ್ದವರಿಗೇ ಗೊತ್ತು.

ಒಂದು ಸಲ ಜೈಲಿನಲ್ಲಿ ಸೀತಾಳೆ ಸಿಡುಬು (ಚಿಕನ್‌ಪಾಕ್ಸ್, ಜನರ ಬಾಯಲ್ಲಿ ‘ಅಮ್ಮ’) ಎದ್ದಿತು. ಅದನ್ನು ಮೊದಲು ಕಂಡುಹಿಡಿದದ್ದು ನಾನಲ್ಲ, ಕಟಿಂಗ್ ಮಾಡುವ ಕೈದಿ. ಮಿಷನ್ ಹಿಡಿದು ಒಬ್ಬ ಹುಡುಗನ ತಲೆ ಸವರುವಾಗ ಕೂದಲಿನ ನಡುವೆ ಗುಳ್ಳೆ ಕಂಡಿದೆ. ಅವನು ಗಲಾಟೆ ಮಾಡಲಿಲ್ಲ. ಬಿ.ಪಿ. ನೋಡಿಸಿಕೊಳ್ಳುವ ನೆಪದಲ್ಲಿ ಬಂದು, ‘ಸಾರ್, ಮೂರನೇ ಬ್ಯಾರಕ್ ಹುಡುಗನ್ನ ಒಸಿ ನೋಡಿ, ತಲೇಲಿ ಏನೋ ಎದ್ದದೆ’ ಅಂದ. ಅಂಗಿ ಬಿಚ್ಚಿಸಿ ಬಿಸಿಲಿಗೆ ನಿಲ್ಲಿಸಿದೆ. ಬೆನ್ನಿನ ಮೇಲೆ ಕೆಂಪು ಚುಕ್ಕೆ, ನೀರು ತುಂಬಿದ ಗುಳ್ಳೆ, ಒಣಗಿ ಹಕ್ಕಳೆ ಕಟ್ಟಿದ್ದು, ಮೂರೂ ಒಟ್ಟಿಗೇ ಇದ್ದವು. ಒಂದೇ ಜಾಗದಲ್ಲಿ ಎಲ್ಲ ಹಂತದ ಗುಳ್ಳೆಗಳು ಕಾಣುವುದೇ ಈ ಕಾಯಿಲೆಯ ಗುರುತು. ಹಕ್ಕಳೆ ಕಟ್ಟಿದ್ದು ಇದೆ ಅಂದಮೇಲೆ ಹುಡುಗ ಕೆಲವು ದಿನಗಳಿಂದ ಮುಚ್ಚಿಟ್ಟಿದ್ದ ಅಂತಲೂ ಗೊತ್ತಾಯಿತು.

ಗುಳ್ಳೆ ಏಳುವ ಒಂದೆರಡು ದಿನ ಮೊದಲೇ ಇದು ಗಾಳಿಯಲ್ಲಿ ಹರಡಲು ಶುರುವಾಗುತ್ತದೆ, ಕೊನೆಯ ಗುಳ್ಳೆ ಒಣಗುವವರೆಗೂ ನಿಲ್ಲುವುದಿಲ್ಲ. ಅಂಟಿಸಿಕೊಂಡವನಿಗೆ ಕಾಣಿಸಿಕೊಳ್ಳುವುದಕ್ಕೆ 10ರಿಂದ 21 ದಿನ ಬೇಕು. ಹಾಗಾಗಿ ಆ ಹುಡುಗನ ಜೊತೆ ಮಲಗಿದ್ದ, ಈ ಹಿಂದೆ ಸೀತಾಳೆ ಬಾರದಿದ್ದ ಪ್ರತಿಯೊಬ್ಬನನ್ನೂ ಮೂರು ವಾರ ಗಮನದಲ್ಲಿಡಬೇಕು. ಅಲ್ಲಿಂದ ಯಾರನ್ನೂ ಬೇರೆ ಬ್ಯಾರಕ್‌ಗೆ ಕಳಿಸಬಾರದು, ಹೊಸಬರನ್ನು ಅಲ್ಲಿಗೆ ಸೇರಿಸಬಾರದು. ಹೊಸ ಕೇಸ್ ಬಂದರೆ ದಿನಗಳ ಲೆಕ್ಕ ಮತ್ತೆ ಮೊದಲಿಂದ.

ಸೂಪರಿಂಟೆಂಡೆಂಟ್ ಸಾಹೇಬರು ಒಳ್ಳೆಯವರೇ, ಆದರೆ ಅವರ ತಲೆಬಿಸಿ ಬೇರೆ. ‘ಸೆಲ್ಲಿಗೆ ಹಾಕಿಬಿಡೋಣ ಡಾಕ್ಟ್ರೇ, ಬೀಗ ಇದೆ, ಕಾವಲು ಇದೆ’ ಅಂದರು. ಸೆಲ್ಲಿಗೆ ಹಾಕಿದರೆ ನಾಳೆಯಿಂದ ಒಬ್ಬನೂ ಅಂಗಿ ಬಿಚ್ಚುವುದಿಲ್ಲ ಅಂದೆ. ಮುಚ್ಚಿಯೇ ಇದ್ದ ಹೊಲಿಗೆ ತರಬೇತಿ ಕೊಠಡಿ ಕೇಳಿದೆ. ಎರಡೂ ಕಡೆ ಕಿಟಕಿ ಇದ್ದದ್ದರಿಂದ ಗಾಳಿ ಆರಪಾರ ಆಡುತ್ತಿತ್ತು, ಬ್ಯಾರಕ್‌ಗಳಿಂದಲೂ ದೂರ. ಕೊಟ್ಟರು. ಕ್ಯಾಂಟೀನ್ ಸಾಮಾನು ಅಲ್ಲಿಗೇ ಬರಬೇಕು, ಮುಲಾಖಾತ್ ತಪ್ಪಿದವನಿಗೆ ಫೋನಿನಲ್ಲಿ ಹೆಚ್ಚು ನಿಮಿಷ ಕೊಡಬೇಕು, ಕೋರ್ಟ್ ಡೇಟ್‌ಗೆ ವಿಡಿಯೊ ಕಾನ್ಫರೆನ್ಸಿಗೆ ಕೇಳಿ ಪತ್ರ ಬರೆಯಬೇಕು ಅಂತ ಪಟ್ಟು ಹಿಡಿದೆ. ಕೊನೆಗೆ ನೆಲದ ವಿಷಯ. ಕೊಠಡಿಗೆ ಹೋದವನ ಜಾಗದ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದು ಅವನ ಕೈದಿ ನಂಬರ್ ಬರೆಸಿದೆವು. ಚಾಪೆ, ಹೊದಿಕೆ ಅವನ ಜೊತೆಗೇ ಹೋಗುತ್ತವೆ, ಗೆರೆ ಮಾತ್ರ ಉಳಿಯುತ್ತದೆ. ಅದರೊಳಗೆ ಯಾರೂ ಮಲಗದಂತೆ ನೋಡಿಕೊಳ್ಳುವ ಜವಾಬ್ದಾರಿ ರಾತ್ರಿ ಪಾಳಿಯ ವಾರ್ಡರದ್ದು.

ಒಂದು ತುಂಡು ಸೀಮೆಸುಣ್ಣ ಇಷ್ಟು ಕೆಲಸ ಮಾಡುತ್ತದೆ ಅಂತ ನಾನೂ ಅಂದುಕೊಂಡಿರಲಿಲ್ಲ. ಗೆರೆ ಉಳಿದದ್ದು ಕಣ್ಣಿಗೆ ಬಿದ್ದಮೇಲೆ ಜನ ತಾವಾಗಿಯೇ ಬರತೊಡಗಿದರು. ಕೆಲವರಿಗೆ ಸೊಳ್ಳೆ ಕಚ್ಚಿದ ಗುರುತು ಅಷ್ಟೇ, ಅವರನ್ನೂ ಗದರಲಿಲ್ಲ.

ಆಮೇಲೆ ಶುರುವಾದದ್ದು ಅಮ್ಮನ ಪಂಚಾಯ್ತಿ. ನಮ್ಮ ಮಂಡ್ಯ, ಮೈಸೂರು ಕಡೆ ಅಮ್ಮ ಎದ್ದವರಿಗೆ ಗುಳಿಗೆ ಕೊಡಬಾರದು, ಸ್ನಾನ ಮಾಡಿಸಬಾರದು, ಒಗ್ಗರಣೆ ಹಾಕಬಾರದು ಅಂತ ನಂಬುವ ಮನೆಗಳು ಇನ್ನೂ ಬೇಕಾದಷ್ಟಿವೆ. ಮಳವಳ್ಳಿ ಕಡೆಯ ವಯಸ್ಸಾದ ಒಬ್ಬರು ನೇರವಾಗಿಯೇ, ‘ಡಾಕ್ಟ್ರೇ, ತಾಯಿ ಬಂದವ್ಳೆ, ಬಂದಂಗೇ ಹೋಯ್ತಾಳೆ. ಗುಳಿಗೆ ನುಂಗ್ಸಿ ಮುನಿಸ್ಕೊಳ್ಳೋ ಹಂಗೆ ಮಾಡ್ಬೇಡಿ’ ಅಂದರು. ವಾದಕ್ಕೆ ಇಳಿದಿದ್ದರೆ ಇಡೀ ಬ್ಯಾರಕ್ ಅವರ ಕಡೆ ನಿಲ್ಲುತ್ತಿತ್ತು. ‘ಯಜಮಾನ್ರೇ, ಬೇವಿನಸೊಪ್ಪು ನಾನೇ ತರಿಸ್ತೀನಿ, ಮೊಸರನ್ನಾನೂ ಮಾಡಿಸ್ತೀನಿ. ತಾಯಿಗೆ ನಿಮ್ಮ ಸೇವೆ ನೀವು ಮಾಡಿ, ಮೈಗೆ ನನ್ನ ಸೇವೆ ನಾನು ಮಾಡ್ತೀನಿ’ ಅಂದೆ. ಜೈಲಿನ ಆವರಣದಲ್ಲೇ ಬೇವಿನಮರ ಇತ್ತು, ಹಾಸಿಗೆ ಪಕ್ಕ ಸೊಪ್ಪು ಬಂತು. ಮದ್ದೂರಿನ ಎಳನೀರನ್ನೂ ತರಿಸೋಣ ಅಂದುಕೊಂಡೆ, ಗೇಟಿನ ತಪಾಸಣೆಯವರು ಒಪ್ಪಲಿಲ್ಲ. ಕಾಯಿಯೊಳಗೆ ಏನಿದೆ ಅಂತ ಯಾರು ನೋಡಬೇಕು ಅನ್ನುವುದು ಅವರ ಪ್ರಶ್ನೆ, ನ್ಯಾಯವಾದದ್ದೇ. ಸ್ನಾನದ ವಿಷಯದಲ್ಲಿ ಮಾತ್ರ ನಾನು ಬಿಟ್ಟುಕೊಡಲಿಲ್ಲ. ಕೆರೆದ ಗುಳ್ಳೆಗೆ ಕೊಳೆ ಸೇರಿದರೆ ಕೀವಾಗುತ್ತದೆ. ಎಲ್ಲರ ಉಗುರನ್ನೂ ಕತ್ತರಿಸಿದವನು ಆ ಕಟಿಂಗ್ ಮಾಡುವ ಕೈದಿಯೇ. ಅವನಿಗೆ ಚಿಕ್ಕಂದಿನಲ್ಲೇ ಸೀತಾಳೆ ಆಗಿಹೋಗಿತ್ತು. ಊಟ ಬಡಿಸುವವರು, ಕಸ ಗುಡಿಸುವವರು, ಬಾಗಿಲಲ್ಲಿ ನಿಲ್ಲುವ ವಾರ್ಡರು ಎಲ್ಲರನ್ನೂ ‘ಚಿಕ್ಕೋರಿದ್ದಾಗ ಅಮ್ಮ ಆಗಿತ್ತಾ?’ ಅಂತ ಕೇಳಿಯೇ ಆರಿಸಿದೆವು.

ದೊಡ್ಡವರಿಗೆ ಸೀತಾಳೆ ಬಂದರೆ ಮಕ್ಕಳಿಗಿಂತ ಜೋರು. ಅಸೈಕ್ಲೊವಿರ್ 800 ಮಿಲಿಗ್ರಾಂ, ದಿನಕ್ಕೆ ಐದು ಸಲ, ಏಳು ದಿನ. ಗುಳ್ಳೆ ಎದ್ದ 24 ಗಂಟೆಯೊಳಗೆ ಶುರುಮಾಡಿದರೆ ಹೆಚ್ಚು ಉಪಯೋಗ, ಬೇಗ ಬಂದು ಹೇಳಿ ಅಂತ ನಾನು ಬಡಕೊಳ್ಳುತ್ತಿದ್ದುದು ಇದಕ್ಕೂ ಹೌದು. ಪುಸ್ತಕದಲ್ಲಿ ‘ದಿನಕ್ಕೆ ಐದು ಸಲ’ ಅಂತ ಬರೆಯುವುದು ಸುಲಭ. ಜೈಲಿನಲ್ಲಿ ಸಂಜೆ ಬೀಗ ಬಿದ್ದರೆ ಬೆಳಿಗ್ಗೆಯೇ ತೆಗೆಯುವುದು. ಮಾತ್ರೆಯನ್ನು ಕೈದಿಯ ಕೈಗೆ ಕೊಟ್ಟು ಬರುವ ಹಾಗೂ ಇಲ್ಲ, ಎದುರಿಗೇ ನುಂಗಿಸಬೇಕು. ಆರು, ಹತ್ತು, ಎರಡು, ಆರು, ಹತ್ತು ಅಂತ ಹೊತ್ತು ಗೊತ್ತುಮಾಡಿ, ರಾತ್ರಿ ಹತ್ತರದ್ದನ್ನು ಪಾಳಿಯ ವಾರ್ಡರ್ ಸರಳಿನ ಸಂದಿಯಿಂದ ಕೊಟ್ಟು, ಟಾರ್ಚ್ ಬಿಟ್ಟು ಬಾಯಿ ನೋಡುವ ಏರ್ಪಾಡು ಮಾಡಿದೆ. ಉಗ್ರಾಣದಿಂದ ಬಂದದ್ದು 200ರ ಮಾತ್ರೆ. ಸಲಕ್ಕೆ ನಾಲ್ಕು, ದಿನಕ್ಕೆ ಒಬ್ಬೊಬ್ಬನಿಗೆ ಇಪ್ಪತ್ತು! ಎಣಿಸಿ ಎಣಿಸಿ ನಮ್ಮ ಫಾರ್ಮಸಿಸ್ಟ್ ಅಮ್ಮನ ಮೇಲಲ್ಲ, ನನ್ನ ಮೇಲೆ ಮುನಿಸಿಕೊಂಡಿದ್ದರು. ಜ್ವರಕ್ಕೆ ಪ್ಯಾರಸಿಟಮಾಲ್ ಮಾತ್ರ. ಆಸ್ಪಿರಿನ್ ಹತ್ತಿರಕ್ಕೂ ಬಿಡಲಿಲ್ಲ.

ನನಗೆ ನಿದ್ದೆಗೆಡಿಸಿದ್ದು ಎಚ್‌ಐವಿ ಇದ್ದ ಒಬ್ಬರು. ಅಂಥವರಿಗೆ ಸೀತಾಳೆ ಶ್ವಾಸಕೋಶಕ್ಕೆ ಇಳಿಯಬಹುದು. ಅವರು ಮಲಗುತ್ತಿದ್ದದ್ದು ಅದೇ ಬ್ಯಾರಕ್‌ನಲ್ಲಿ. ಅವರನ್ನೊಬ್ಬರನ್ನೇ ಆಚೆ ತಂದರೆ ಸಂಜೆಯೊಳಗೆ ಇಡೀ ಜೈಲಿಗೆ ಗೊತ್ತಾಗುತ್ತಿತ್ತು. ‘ಶುಗರ್, ಅಸ್ತಮಾ, ಅರವತ್ತು ದಾಟಿದವರು’ ಅಂತ ಒಂದು ಪಟ್ಟಿ ಮಾಡಿ, ಅದರ ನಡುವೆ ಅವರ ಹೆಸರನ್ನೂ ಸೇರಿಸಿ, ಎಲ್ಲರನ್ನೂ ಒಟ್ಟಿಗೆ ಆಸ್ಪತ್ರೆ ಬ್ಲಾಕಿನ ಖಾಲಿ ಕೋಣೆಗೆ ತಂದು ಇಟ್ಟೆವು. ಅವರೆಲ್ಲರೂ ಸೋಂಕಿನ ಗಾಳಿಯಲ್ಲೇ ಇದ್ದವರಾದ್ದರಿಂದ ಬೇರೆಯವರ ಜೊತೆ ಬೆರೆಸದೆ ದಿನಾ ಮೈ ನೋಡುತ್ತಿದ್ದೆ. ಯಾರೂ ಏನೂ ಕೇಳಲಿಲ್ಲ. ಶುಗರ್‌ನವರು ಮಾತ್ರ ಇಲ್ಲಿ ಮುದ್ದೆ ಸಣ್ಣದು ಅಂತ ದೂರಿದರು.

ಇದೇ ಲೆಕ್ಕ ತುರಿಕಜ್ಜಿಗೂ ನಡೆಯಿತು. ಮೊದಲ ಸಲ ಹುಳ ಹತ್ತಿದವನಿಗೆ ನಾಲ್ಕಾರು ವಾರ ತುರಿಕೆಯೇ ಇರುವುದಿಲ್ಲ. ಹೀಗಾಗಿ ಕೆರೆದುಕೊಳ್ಳುವವನೊಬ್ಬನಿಗೇ ಮುಲಾಮು ಕೊಟ್ಟರೆ ಪಕ್ಕದವನಿಂದ ಅವನಿಗೇ ವಾಪಸು. ಇಡೀ ಬ್ಯಾರಕ್‌ಗೆ ಒಂದೇ ಸಂಜೆ ಪರ್ಮೆಥ್ರಿನ್ ಮುಲಾಮು, ಕುತ್ತಿಗೆಯಿಂದ ಅಂಗಾಲಿನವರೆಗೆ, ಬೆರಳ ಸಂದಿ ಬಿಡದೆ. ಬೀಗ ಬೀಳುವ ಹೊತ್ತಿಗೆ ಹಚ್ಚಿದರೆ ಬೆಳಿಗ್ಗೆ ಸ್ನಾನ, ವಾರ ಬಿಟ್ಟು ಮತ್ತೊಮ್ಮೆ. ಒಗೆಯಲಾಗದ ಕಂಬಳಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಮೂರು ದಿನಕ್ಕೂ ಹೆಚ್ಚು ಇಟ್ಟರೆ ಹುಳ ಸಾಯುತ್ತವೆ. ಇಲ್ಲಿ ಮುಚ್ಚಿಟ್ಟವರು ಕೈದಿಗಳಲ್ಲ, ಸಿಬ್ಬಂದಿ. ಮನೆಯ ಮಕ್ಕಳಿಗೂ ಹತ್ತಿಸಿಕೊಂಡು ಹೇಳಲು ನಾಚಿಕೊಂಡಿದ್ದರು. ಕೇಳಿದವರಿಗೆ ಕೊಡುವ ಬದಲು ಎಲ್ಲ ವಾರ್ಡರುಗಳಿಗೂ ಮನೆಗೊಂದಿಷ್ಟು ಟ್ಯೂಬ್ ಅಂತ ಹಂಚಿಬಿಟ್ಟೆ.

ಕ್ಷಯದ ಕಥೆ ನಿಧಾನದ್ದು. ಎರಡು ವಾರ ದಾಟಿದ ಕೆಮ್ಮು, ಇಳಿದ ತೂಕ, ಸಂಜೆ ಜ್ವರ ಇವನ್ನು ಜೈಲಿಗೆ ಬಂದ ದಿನವೇ ಕೇಳಬೇಕು. ಪರೀಕ್ಷೆಯ ಕಫವನ್ನು ಬಯಲಿನಲ್ಲಿ ಹಿಡಿಸಬೇಕೇ ಹೊರತು ಶೌಚಾಲಯದಲ್ಲಲ್ಲ. ಮೈಸೂರಿನ ಪಿಕೆಟಿಬಿ ಕ್ಷಯ ಆಸ್ಪತ್ರೆಯ ಹೆಸರೆತ್ತಿದರೆ ಹಳಬರು ಇವತ್ತಿಗೂ ಬೆಚ್ಚುತ್ತಾರೆ, ಹೋದವರು ಬರುವುದಿಲ್ಲ ಅನ್ನುವ ಕಾಲದ ನೆನಪು ಅದು. ಕಾಯಿಲೆ ವಾಸಿಯಾಗಿ ಅದೇ ಜೈಲಿನಲ್ಲಿದ್ದ ಒಬ್ಬನನ್ನು ಪಕ್ಕ ಕೂರಿಸಿ ಮಾತಾಡಿಸಿದರೆ ನನ್ನ ಹತ್ತು ಮಾತಿಗಿಂತ ಹೆಚ್ಚು ನಾಟುತ್ತಿತ್ತು.

ಎಷ್ಟೇ ಬೀಗ ಹಾಕಿದರೂ ಜೈಲು ಮುಚ್ಚಿದ ಡಬ್ಬಿಯಲ್ಲ. ಒಳಗಿರುವವರಲ್ಲಿ ನಾಲ್ಕರಲ್ಲಿ ಮೂರು ಪಾಲು ವಿಚಾರಣಾಧೀನರು, ಜಾಮೀನು ಯಾವಾಗ ಬೇಕಾದರೂ ಸಿಗಬಹುದು. 2020ರ ಮಾರ್ಚ್ 23ರಂದು ಸುಪ್ರೀಂ ಕೋರ್ಟ್ ಕೋವಿಡ್ ಕಾರಣಕ್ಕೆ ಜೈಲುಗಳ ದಟ್ಟಣೆ ಇಳಿಸಲು ಪ್ರತಿ ರಾಜ್ಯದಲ್ಲೂ ಸಮಿತಿ ರಚಿಸಿ ಅಂದಾಗ ಬಿಡುಗಡೆಯೇ ಸೋಂಕು ತಡೆಯುವ ದಾರಿಯಾಗಿತ್ತು. ಸೀತಾಳೆಯ ವೇಳೆ ಅದೇ ಬಿಡುಗಡೆ ನನಗೆ ತಲೆನೋವು. ಕೋರ್ಟಿನ ಆದೇಶ ಬಂದಮೇಲೆ ಗುಳ್ಳೆ ಒಣಗಿಲ್ಲ ಅಂತ ಒಬ್ಬನನ್ನು ಹಿಡಿದಿಡುವ ಹಾಗಿಲ್ಲ, ಹಿಡಿದಿಡಬಾರದು ಕೂಡ.

ಹೊಲಿಗೆ ಕೊಠಡಿಯಲ್ಲಿದ್ದ ಒಬ್ಬ ಯುವಕನಿಗೆ ಹೀಗೇ ಜಾಮೀನು ಸಿಕ್ಕಿತು. ಮನೆಯಲ್ಲಿ ಹೆಂಡತಿ ಬಸುರಿ. ಬಸುರಿಯರಿಗೆ, ಹೊಟ್ಟೆಯ ಕೂಸಿಗೆ ಇದು ಅಪಾಯ ಅಂತ ಬಿಡಿಸಿ ಹೇಳಿದೆ. ಅವನಿಂದಲೇ ಫೋನ್ ಮಾಡಿಸಿ ಆಕೆಗೆ ಚಿಕ್ಕಂದಿನಲ್ಲಿ ಅಮ್ಮ ಆಗಿತ್ತೇ ಅಂತ ಕೇಳಿಸಿದೆ. ಅತ್ತೆಗೆ ಗೊತ್ತಿಲ್ಲ, ತವರಿನವರಿಗೆ ಗೊತ್ತಿರಬೇಕು ಅಂತ ಉತ್ತರ ಬಂತು. ಊರಿನ ಆಶಾ ಕಾರ್ಯಕರ್ತೆಯ ನಂಬರ್ ಹುಡುಕಿ ಎಲ್ಲ ಹೇಳಿ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಚೀಟಿ ಬರೆದು, ಉಳಿದ ಮಾತ್ರೆಗಳನ್ನು ಪೊಟ್ಟಣ ಕಟ್ಟಿ ಕೊಟ್ಟೆ. ಬಸ್ ಹತ್ತಬೇಡ ಅಂದಿದ್ದಕ್ಕೆ ಅವರಣ್ಣ ಗೂಡ್ಸ್ ಆಟೊ ತಂದು ಹಿಂದೆ ಕೂರಿಸಿಕೊಂಡು ಹೋದ. ಎರಡು ದಿನ ಬಿಟ್ಟು ಆಶಾ ಫೋನ್ ಮಾಡಿದರು: ಆಕೆಗೆ ಐದನೇ ಕ್ಲಾಸಿನಲ್ಲೇ ಆಗಿತ್ತಂತೆ, ತವರಿನವರು ಹೇಳಿದರು. ಆದರೂ ಹುಡುಗ ಗದ್ದೆಯ ಮೋಟರ್ ಮನೆಯಲ್ಲೇ ಇದ್ದಾನೆ, ಮಾತ್ರೆ ಇನ್ನೂ ಎಷ್ಟು ದಿನ ಕೊಡಬೇಕು ಸಾರ್? ಮೂರು ದಿನ ಅಂದೆ.