ಹಂದಿ ಮೂಳೆ ಇಲ್ಲದ ಕೊಲಾರ್ಡ್ ಸೊಪ್ಪು: ಅಟ್ಲಾಂಟಾದ ಪಕ್ಕದ ಮನೆಯಲ್ಲಿ ಕಲಿತದ್ದು

ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಜನವರಿ 1ರಂದು ಕಪ್ಪು ಜನರ ಎಷ್ಟೋ ಮನೆಗಳಲ್ಲಿ ಅಲಸಂದೆ ಕಾಳು, ಕೊಲಾರ್ಡ್ ಸೊಪ್ಪು (ಎಲೆಕೋಸಿನ ಜಾತಿಯ, ದಪ್ಪ ಎಲೆಯ ಸೊಪ್ಪು) ಬೇಯಲೇಬೇಕು. ಕಾಳು ಅದೃಷ್ಟಕ್ಕೆ, ಸೊಪ್ಪು ದುಡ್ಡಿಗೆ. ಸೊಪ್ಪಿನ ಜೊತೆ ಹೊಗೆ ಹಿಡಿಸಿದ ಹಂದಿ ಕಾಲಿನ ಮೂಳೆ ಹಾಕುವುದು ವಾಡಿಕೆ. ಅಟ್ಲಾಂಟಾದಲ್ಲಿ ನಮ್ಮ ಪಕ್ಕದ ಮನೆಯ ನಿವೃತ್ತ ನರ್ಸಮ್ಮ, ಅವರೂ ಕಪ್ಪು ಜನರೇ, ಆ ಮೂಳೆ ಬಿಟ್ಟು ಇಪ್ಪತ್ತು ವರ್ಷ ಆಯಿತು. ಹಾಲು, ಮೊಟ್ಟೆ, ಬೆಣ್ಣೆಯೂ ಇಲ್ಲ. ಅವರ ಒಲೆ ಪಕ್ಕ ನಿಂತು ಕಲಿತದ್ದು ಇದು.

ನಾಲ್ಕು ಜನಕ್ಕೆ ಎರಡು ಕಟ್ಟು ಸೊಪ್ಪು. ಮರಳು ಜಾಸ್ತಿ ಇರುತ್ತದೆ, ಮೂರು ನೀರಲ್ಲಿ ತೊಳೆಯಿರಿ. ದಪ್ಪ ದಂಟು ತೆಗೆದು, ಎಲೆಗಳನ್ನು ಒಂದರ ಮೇಲೊಂದು ಇಟ್ಟು ಸುತ್ತಿ, ಅಗಲವಾಗಿ ಹೆಚ್ಚಿ. ಎರಡು ಚಮಚ ಎಣ್ಣೆಯಲ್ಲಿ ಒಂದು ಈರುಳ್ಳಿ ಚೆನ್ನಾಗಿ ಕೆಂಪಾಗಲಿ. ಇಲ್ಲಿ ಆತುರ ಬೇಡ. ಆಮೇಲೆ ನಾಲ್ಕು ಎಸಳು ಬೆಳ್ಳುಳ್ಳಿ, ಒಂದು ಟೀ ಚಮಚ ಸ್ಮೋಕ್ಡ್ ಪ್ಯಾಪ್ರಿಕಾ (ಹೊಗೆ ಹಿಡಿಸಿದ ಕೆಂಪು ಮೆಣಸಿನ ಪುಡಿ), ಚಿಟಿಕೆ ಖಾರ. ಸೊಪ್ಪು, ಉಪ್ಪು, ನಾಲ್ಕು ಲೋಟ ನೀರು ಹಾಕಿ ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಬೇಯಿಸಿ. ಇಳಿಸುವಾಗ ಒಂದು ಚಮಚ ಆ್ಯಪಲ್ ಸೈಡರ್ ವಿನೆಗರ್. ನಾವು ರುಚಿ ಅಂದುಕೊಂಡಿದ್ದು ಹೊಗೆ, ಉಪ್ಪು, ಹುಳಿ. ಅದಕ್ಕೆ ಹಂದಿ ಯಾಕೆ ಸಾಯಬೇಕು ಅನ್ನುತ್ತಾರೆ ನರ್ಸಮ್ಮ.

ನೀರು ಚೆಲ್ಲಬೇಡಿ! ನಮ್ಮ ಬಸ್ಸಾರಿನ ಕಟ್ಟು ಇದ್ದ ಹಾಗೆ ಅದು. ಅವರು ಪಾಟ್ ಲಿಕ್ಕರ್ ಅನ್ನುತ್ತಾರೆ.

ಮೊದಲ ಸಲ ನಾನು, ‘ಮೇಲೆ ಸ್ವಲ್ಪ ತುಪ್ಪ ಹಾಕಲಾ?’ ಅಂದೆ. ಹುಟ್ಟಿದಾಗಿನಿಂದ ಸಸ್ಯಾಹಾರಿ ಅಂತ ಬೇರೆ ಹೇಳಿಕೊಂಡಿದ್ದೆ, ಸ್ವಲ್ಪ ಜಂಬದಿಂದಲೇ. ಅವರು ಕೇಳಿದ್ದು ಒಂದೇ: ನಿಮ್ಮನೆ ಹಸುವಿನ ಗಂಡು ಕರು ಏನಾಯಿತು? ಸಂತೆಗೆ ಹೋಯಿತು. ಅಪ್ಪ ಅದರ ಹಗ್ಗ ಮಾತ್ರ ವಾಪಸ್ ತಂದಿದ್ದು ನೆನಪಾಯಿತು. ಆಮೇಲೆ ಇನ್ನೊಂದು ನೆನಪಾಯಿತು, ಅವರು ಕೇಳದೇ ಇದ್ದದ್ದು. ಮಾಂಸ ತಿನ್ನುವವರು ಅಂತ ಕೆಲವರಿಗೆ ನಮ್ಮ ತಿಪಟೂರಿನ ಮನೆಯಲ್ಲಿ ಬೇರೆ ಲೋಟ ಇತ್ತು, ಹಿತ್ತಿಲ ಗೂಡಲ್ಲಿ.

ಅವರ ದಾರಿಯೇ ಬೇರೆ. ಅವರ ಜನ ಗುಲಾಮರಾಗಿದ್ದ ಕಾಲದಲ್ಲಿ ಒಡೆಯರು ಅಳೆದು ಕೊಡುತ್ತಿದ್ದದ್ದು ಮೆಕ್ಕೆಜೋಳದ ಹಿಟ್ಟು, ಉಪ್ಪು ಹಾಕಿದ ಹಂದಿ ಮಾಂಸ. ಸೊಪ್ಪು ಅವರೇ ಗುಡಿಸಲ ಪಕ್ಕ ಬೆಳೆದುಕೊಂಡದ್ದು. ಅಲಸಂದೆ ಪಶ್ಚಿಮ ಆಫ್ರಿಕಾದಿಂದ ಬಂದ ಕಾಳು. ಹಾಗಾಗಿ ಮಾಂಸದ ಜೊತೆ ಹಾಲು, ಮೊಟ್ಟೆಯನ್ನೂ ಬಿಡುವ ವೀಗನ್ ಊಟ ಬಿಳಿಯರ ಶೋಕಿ ಅಂದರೆ ನರ್ಸಮ್ಮನಿಗೆ ನಗು. ತಾಯಂದಿರು ಒಡೆಯನ ಮಗುವಿಗೆ ಹಾಲೂಡಿಸಿದ್ದು, ಸ್ವಂತ ಮಕ್ಕಳನ್ನು ಮಾರಾಟಕ್ಕೆ ಕಳೆದುಕೊಂಡದ್ದು ಅವರ ಜನರ ಚರಿತ್ರೆ. ಕರುವಿನಿಂದ ಕಿತ್ತ ಹಾಲು ಅವರಿಗೆ ಅದಕ್ಕೇ ಇಳಿಯುವುದಿಲ್ಲ. ಆದರೆ ಹೊರಗಿನವರು ಪೋಸ್ಟರ್ ಹಿಡಿದು ಗುಲಾಮರಿಗೂ ದನಕ್ಕೂ ಹೋಲಿಕೆ ಮಾಡಿದರೆ ಸಿಟ್ಟು ನೆತ್ತಿಗೇರುತ್ತದೆ. ಪ್ರಾಣಿ ಅಂತ ಕರೆದೇ ನಮ್ಮನ್ನು ಮಾರಿದ್ದು, ಅನ್ನುತ್ತಾರೆ. ನೀವೂ ಅಂಥ ಮನೆಗೆ ಊಟಕ್ಕೆ ಹೋದರೆ ಆ ಹೋಲಿಕೆ ಎತ್ತಬೇಡಿ. ಸುಮ್ನೆ ಕೇಳಿಸಿಕೊಳ್ಳಿ.

ಎ. ಬ್ರೀಜ್ ಹಾರ್ಪರ್ 2010ರಲ್ಲಿ ಕಪ್ಪು ಹೆಂಗಸರ ಬರಹಗಳನ್ನು ಸೇರಿಸಿ ತಂದ ‘ಸಿಸ್ಟಾ ವೀಗನ್’ ಅವರ ಫ್ರಿಜ್ ಮೇಲೆ ಇರುತ್ತದೆ, ಎಣ್ಣೆ ಕಲೆ ಸಮೇತ. ಮಾರ್ಟಿನ್ ಲೂಥರ್ ಕಿಂಗ್ ಅವರ ಹೆಂಡತಿ ಕೊರೆಟ್ಟಾ ಸ್ಕಾಟ್ ಕಿಂಗ್ ಕೊನೆಯ ವರ್ಷಗಳಲ್ಲಿ ವೀಗನ್ ಆಗಿದ್ದರು ಅನ್ನುವುದನ್ನು ಬಂದವರಿಗೆಲ್ಲ ಹೇಳುತ್ತಾರೆ. ನಮ್ಮ ಅಟ್ಲಾಂಟಾದವರು ಅನ್ನುವ ಹೆಮ್ಮೆ.

ಅಲಸಂದೆ ಸುಲಭ: ರಾತ್ರಿ ನೆನೆಸಿ, ಈರುಳ್ಳಿ, ಬಿರಿಯಾನಿ ಎಲೆ, ಉಪ್ಪು ಹಾಕಿ ಬೇಯಿಸಿ. ಜೊತೆಗೆ ತಿನ್ನುವ ಕಾರ್ನ್ ಬ್ರೆಡ್‌ಗೆ (ಮೆಕ್ಕೆಜೋಳದ ಹಿಟ್ಟಿನ ಬ್ರೆಡ್) ಮಜ್ಜಿಗೆ ಬದಲು ಸೋಯಾ ಹಾಲಿಗೆ ಒಂದು ಚಮಚ ವಿನೆಗರ್ ಹಾಕಿ ಹತ್ತು ನಿಮಿಷ ಬಿಡಿ. ಒಂದು ಮೊಟ್ಟೆ ಬದಲು ಒಂದು ಚಮಚ ಅಗಸೆ ಪುಡಿ, ಮೂರು ಚಮಚ ನೀರು.

ಊರಲ್ಲಿ ಕೊಲಾರ್ಡ್ ಸಿಗದಿದ್ದರೆ ನವಿಲುಕೋಸಿನ ಎಲೆ ತಗೊಳ್ಳಿ. ಒಂದೇ ಕುಟುಂಬ, ನಾವು ಸುಮ್ನೆ ಬಿಸಾಡುತ್ತೇವೆ. ಪ್ಯಾಪ್ರಿಕಾ ಬದಲು ಬ್ಯಾಡಗಿ ಪುಡಿ. ಹೊಗೆಗೆ, ಸಣ್ಣ ಬಟ್ಟಲಲ್ಲಿ ಕೆಂಡ ಇಟ್ಟು ಎರಡು ಹನಿ ಎಣ್ಣೆ ಬಿಟ್ಟು, ಪಾತ್ರೆಯೊಳಗಿಟ್ಟು ಐದು ನಿಮಿಷ ಮುಚ್ಚಿ.

ಈ ಜನವರಿಯಲ್ಲಿ ನಾನು ರಾಗಿ ಮುದ್ದೆ ಮಾಡಿಕೊಂಡು ಹೋದೆ, ಪಾಟ್ ಲಿಕ್ಕರ್‌ಗೆ ಅದ್ದಿ ತಿನ್ನಲು. ‘ಮೇಲೆ ಹೊಳೀತಿದೆ, ತುಪ್ಪ ಹಚ್ಚಿದ್ದೀಯಾ?’ ಅಂದರು. ಇಲ್ಲ, ಕಡಲೆಕಾಯಿ ಎಣ್ಣೆ ಅಂದೆ. ಆಮೇಲೆಯೇ ಕೈ ಹಾಕಿದ್ದು.