ಹಳೆಯ ಆಡಿ ಎ8, ಹೊಸ ಸ್ಟೀರಿಯೊ ಮತ್ತು ಮೂರನೆಯ ಪಿನ್ನು

ನನ್ನ ಬಳಿ ಇರುವ ಆಡಿ ಎ8 1999ರ ಮಾದರಿಯದು. 1994ರಿಂದ 2002ರವರೆಗೆ ತಯಾರಾದ ಮೊದಲ ತಲೆಮಾರಿನ ಈ ಕಾರಿನಲ್ಲಿ ಕಾರ್ಖಾನೆಯಲ್ಲೇ ಕೂರಿಸಿದ ಕ್ಯಾಸೆಟ್ ರೇಡಿಯೊ ಮತ್ತು ಬೋಸ್ ಧ್ವನಿ ವ್ಯವಸ್ಥೆ ಇದ್ದವು. ಎರಡೂ ಚೆನ್ನಾಗಿಯೇ ಕೆಲಸ ಮಾಡುತ್ತಿದ್ದವು. ಆದರೂ ಫೋನಿನಲ್ಲಿರುವ ಹಾಡುಗಳನ್ನು ಬ್ಲೂಟೂತ್ ಮೂಲಕ ಕೇಳುವ ಅನುಕೂಲ ಬೇಕೆನಿಸಿದ್ದರಿಂದ, ಸ್ಪೀಕರುಗಳನ್ನೂ ಆಂಪ್ಲಿಫೈಯರನ್ನೂ ಇದ್ದಂತೆಯೇ ಉಳಿಸಿಕೊಂಡು ರೇಡಿಯೊವನ್ನು ಮಾತ್ರ ಬದಲಿಸಲು ತೀರ್ಮಾನಿಸಿದೆ. ಒಂದು ಭಾನುವಾರದ ಕೆಲಸವೆಂದು ಕೈಹಾಕಿದ್ದು ಪೂರ್ತಿ ಮುಗಿಯುವಾಗ ಐದು ವಾರಗಳೇ ಕಳೆದಿದ್ದವು. ಅದರಲ್ಲಿ ಹೆಚ್ಚಿನ ಕಾಲವನ್ನು ನುಂಗಿದ್ದು ಒಂದೇ ಒಂದು ಪಿನ್ನು.

ಸ್ಟೀರಿಯೊ ಆಯ್ಕೆಯಲ್ಲಿ ಹೆಚ್ಚು ತಲೆಕೆಡಿಸಿಕೊಳ್ಳಲಿಲ್ಲ. 180 ಮಿಲಿಮೀಟರ್ ಅಗಲ, 50 ಮಿಲಿಮೀಟರ್ ಎತ್ತರದ, ‘ಒಂದು ಡಿನ್’ ಎಂದು ಕರೆಯುವ ಕಾರ್ ರೇಡಿಯೊ ಅಳತೆಯ ಕಿಂಡಿಗೆ ಕೂರಬೇಕು, ಹಿಂಭಾಗದಲ್ಲಿ ಮುಂದಿನ ಮತ್ತು ಹಿಂದಿನ ಸ್ಪೀಕರುಗಳಿಗೆ ಪ್ರತ್ಯೇಕ ಆರ್‌ಸಿಎ ಹೊರದಾರಿಗಳು, ಅಂದರೆ ಆಂಪ್ಲಿಫೈಯರಿಗೆ ಧ್ವನಿಯ ಸಂಕೇತ ಕಳಿಸುವ ಸಾಕೆಟ್ಟುಗಳು ಇರಬೇಕು, ಗುಂಡಿಗಳ ದೀಪವನ್ನು ಕೆಂಪು ಬಣ್ಣಕ್ಕೆ ಹೊಂದಿಸಲು ಸಾಧ್ಯವಾಗಬೇಕು ಎಂಬ ಮೂರೇ ಷರತ್ತುಗಳಿದ್ದವು. ಮೂರನೆಯದು ಶೋಕಿಯೆಂದು ಕಾಣಬಹುದು. ಆದರೆ ರಾತ್ರಿ ಡ್ಯಾಶ್‌ಬೋರ್ಡು ಪೂರ್ತಿ ಕೆಂಪಗೆ ಬೆಳಗುತ್ತಿರುವಾಗ ನಡುವೆ ಒಂದು ನೀಲಿ ಚೌಕ ಮಿಣುಕುತ್ತಿದ್ದರೆ ಕಣ್ಣಿಗೆ ನಿಜಕ್ಕೂ ಕಿರಿಕಿರಿಯಾಗುತ್ತದೆ.

ಹಳೆಯ ರೇಡಿಯೊವನ್ನು ಹೊರತೆಗೆಯುವುದಕ್ಕೆ ಮೊದಲು ಅದರ ಗುಪ್ತಸಂಖ್ಯೆ ಕೈಯಲ್ಲಿದೆಯೇ ಎಂದು ನೋಡಿಕೊಂಡೆ. ವಿದ್ಯುತ್ ತಪ್ಪಿ ಮತ್ತೆ ಬಂದಾಗ ಈ ರೇಡಿಯೊಗಳು ಪರದೆಯ ಮೇಲೆ ‘ಸೇಫ್’ ಎಂದು ತೋರಿಸಿ, ಆ ಸಂಖ್ಯೆಯನ್ನು ಕೊಡುವವರೆಗೆ ಬಾಯಿ ಬಿಡುವುದಿಲ್ಲ. ಮುಂದೊಂದು ದಿನ ಅದನ್ನೇ ಮರಳಿ ಕೂರಿಸುವ ಸಂದರ್ಭ ಬಂದರೆ ಸಂಖ್ಯೆಯಿಲ್ಲದೆ ಉಪಯೋಗವಿಲ್ಲ. ಆಮೇಲೆ ಬ್ಯಾಟರಿಯ ಮೈನಸ್ ಟರ್ಮಿನಲ್ ಬಿಚ್ಚಿ, ರೇಡಿಯೊದ ಮುಖದಲ್ಲಿರುವ ಸೀಳುಗಳಿಗೆ ತೆಳುವಾದ ಉಕ್ಕಿನ ಕೀಲಿಗಳನ್ನು ತೂರಿಸಿ ಎಳೆದಾಗ ಅದು ಸಲೀಸಾಗಿ ಹೊರಬಂತು.

ಹಿಂದೆ ನೋಡಿದರೆ ಪರಿಚಿತ ಆಕಾರದ ಪ್ಲಗ್ಗುಗಳು. ಐಎಸ್‌ಒ 10487 ಮಾನದಂಡದ ಈ ಪ್ಲಗ್ಗುಗಳಲ್ಲಿ ಎಂಟು ಪಿನ್ನುಗಳ ‘ಎ’ ಭಾಗ ವಿದ್ಯುತ್ತಿಗೆ, ಇನ್ನೆಂಟು ಪಿನ್ನುಗಳ ‘ಬಿ’ ಭಾಗ ಸ್ಪೀಕರುಗಳಿಗೆ, ಚಿಕ್ಕ ಪಿನ್ನುಗಳ ‘ಸಿ’ ಭಾಗ ಹೊರಗಿನ ಆಂಪ್ಲಿಫೈಯರ್ ಮೊದಲಾದವುಗಳಿಗೆ ಮೀಸಲು. ಮಾನದಂಡದ ಪ್ರಕಾರ ‘ಎ’ ಭಾಗದ 4ನೇ ಪಿನ್ನಿನಲ್ಲಿ ಬ್ಯಾಟರಿಯಿಂದ ಸದಾ ಬರುವ 12 ವೋಲ್ಟ್, 7ನೇ ಪಿನ್ನಿನಲ್ಲಿ ಕೀಲಿ ತಿರುಗಿಸಿದಾಗ ಮಾತ್ರ ಬರುವ 12 ವೋಲ್ಟ್ ಮತ್ತು 8ನೇ ಪಿನ್ನಿನಲ್ಲಿ ಗ್ರೌಂಡ್, ಅಂದರೆ ಬ್ಯಾಟರಿಯ ಮೈನಸ್‌ಗೆ ಮರಳುವ ದಾರಿ ಇರಬೇಕು. ಆ ಕಾಲದ ಆಡಿ ಮತ್ತು ಫೋಕ್ಸ್‌ವ್ಯಾಗನ್ ಕಾರುಗಳಲ್ಲಿ 4 ಮತ್ತು 7 ಅದಲುಬದಲಾಗಿರುತ್ತವೆ. ಇದು ಮೊದಲೇ ಗೊತ್ತಿದ್ದರೂ ಮಲ್ಟಿಮೀಟರಿನ ಕಪ್ಪು ತುದಿಯನ್ನು 8ನೇ ಪಿನ್ನಿಗೆ ಹಿಡಿದು, ಬ್ಯಾಟರಿಯನ್ನು ಮತ್ತೆ ಜೋಡಿಸಿ, ಎರಡನ್ನೂ ಅಳೆದು ನೋಡಿದೆ. 7ರಲ್ಲಿ ಸದಾ 12.5 ವೋಲ್ಟ್ ಇತ್ತು. 4ರಲ್ಲಿ ಕೀಲಿ ತಿರುಗಿಸಿದ ಮೇಲೆಯೇ ಅದು ಕಾಣಿಸಿಕೊಂಡಿತು, ಕೀಲಿಯನ್ನು ಆಫ್ ಸ್ಥಾನಕ್ಕೆ ತಂದರೂ ಹಾಗೆಯೇ ಉಳಿದು, ಕೀಲಿಯನ್ನು ಹೊರಗೆ ಎಳೆದಾಗ ಮಾತ್ರ ಸೊನ್ನೆಗಿಳಿಯಿತು. ಎಂಜಿನ್ ನಿಲ್ಲಿಸಿದ ಮೇಲೂ ಹಾಡಿನ ಕೊನೆಯ ಸಾಲು ಕೇಳಿ ಇಳಿಯುವವರಿಗೆ ಮಾಡಿಕೊಟ್ಟ ಈ ಏರ್ಪಾಡು ನನಗೆ ಯಾವಾಗಲೂ ಇಷ್ಟ. ಹೊಸ ಸ್ಟೀರಿಯೊದಲ್ಲಿ ಸದಾ ವಿದ್ಯುತ್ ಬೇಕಾದ ಹಳದಿ ತಂತಿಯನ್ನು 7ಕ್ಕೂ, ಕೀಲಿಯೊಂದಿಗೆ ವಿದ್ಯುತ್ ಬರಬೇಕಾದ ಕೆಂಪು ತಂತಿಯನ್ನು 4ಕ್ಕೂ ಸೇರಿಸಿದೆ. ತಿರುವುಮುರುವಾಗಿದ್ದರೆ ಪ್ರತಿ ಸಲ ಕೀಲಿ ತೆಗೆದಾಗಲೂ ಸ್ಟೀರಿಯೊ ತನ್ನ ಹೊಂದಾಣಿಕೆಗಳನ್ನೆಲ್ಲ ಮರೆಯುತ್ತಿತ್ತು.

ಇಷ್ಟು ಜಾಗರೂಕನಾಗಿದ್ದವನು ಉಳಿದ ಪಿನ್ನುಗಳ ಗೊಡವೆಗೆ ಹೋಗಲಿಲ್ಲ. ಕಾರಿನ ಪ್ಲಗ್ಗಿಗೂ ಸ್ಟೀರಿಯೊಗೂ ನಡುವೆ ಹಾಕುವ ಸಿದ್ಧ ಅಡಾಪ್ಟರ್ ಒಂದನ್ನು ತಂದಿದ್ದೆ. ಅದರಲ್ಲಿ ‘ಎ’ ಭಾಗದ ಎಂಟೂ ಪಿನ್ನುಗಳಿಗೆ ತಂತಿಗಳಿದ್ದವು. ಪ್ಲಗ್ ಕೂತಿತು, ಸ್ಟೀರಿಯೊ ಹತ್ತಿಕೊಂಡಿತು, ಅದರ ಕಡೆ ಮತ್ತೆ ತಿರುಗಿ ನೋಡಲಿಲ್ಲ.

ಒಂದು ವಾರ ಕಳೆದ ಮೇಲೆ ಗೇರ್‌ಬಾಕ್ಸಿನ ಬಗ್ಗೆ ಏನೋ ಪರೀಕ್ಷಿಸಬೇಕೆಂದು ಲ್ಯಾಪ್‌ಟಾಪಿನಲ್ಲಿರುವ ಡಯಾಗ್ನೋಸ್ಟಿಕ್ ಸ್ಕ್ಯಾನರನ್ನು ಕಾರಿಗೆ ಜೋಡಿಸಿದರೆ ಗೇರ್‌ಬಾಕ್ಸ್ ಉತ್ತರ ಕೊಡಲಿಲ್ಲ. ಕಾರಿನ ಪ್ರತಿಯೊಂದು ಎಲೆಕ್ಟ್ರಾನಿಕ್ ನಿಯಂತ್ರಣ ಘಟಕಕ್ಕೂ ಸ್ಕ್ಯಾನರಿನಲ್ಲಿ ಒಂದು ವಿಳಾಸ ಸಂಖ್ಯೆಯಿರುತ್ತದೆ. 01 ಎಂಬ ವಿಳಾಸದಲ್ಲಿರುವ ಎಂಜಿನ್ ಘಟಕವೂ ಮಾತಾಡಲಿಲ್ಲ, 03ರ ಎಬಿಎಸ್ (ಬ್ರೇಕ್) ಘಟಕವೂ ಮೌನ. ಕಾರು ಮಾತ್ರ ಎಂದಿನಂತೆ ಓಡುತ್ತಿತ್ತು. ಮೊದಲು ಸ್ಕ್ಯಾನರಿನ ಕೇಬಲ್ ಹಾಳಾಗಿದೆಯೆಂದು ಬಗೆದು ಇನ್ನೊಂದು ಕೇಬಲ್ ತರಿಸಿದೆ. ಆಮೇಲೆ ಲ್ಯಾಪ್‌ಟಾಪಿನ ತಂತ್ರಾಂಶವನ್ನು ಅಳಿಸಿ ಮತ್ತೆ ಹಾಕಿದೆ. ಫ್ಯೂಸುಗಳನ್ನು ಒಂದೊಂದಾಗಿ ತೆಗೆದು ನೋಡಿದೆ. ಮೂರು ವಾರ ಇದರಲ್ಲೇ ಹೋಯಿತು. ಈ ಎಲ್ಲ ಹೊತ್ತಿನಲ್ಲೂ ಹಿನ್ನೆಲೆಯಲ್ಲಿ ಹೊಸ ಸ್ಟೀರಿಯೊ ಹಾಡುತ್ತಲೇ ಇತ್ತೆಂಬುದನ್ನು ನೆನೆದರೆ ಈಗ ನಗು ಬರುತ್ತದೆ.

ಕೊನೆಗೆ ಸ್ಕ್ಯಾನರ್ ಸಿಕ್ಕಿಸಿಕೊಂಡೇ, ಅದು ಕಾರಿಗೆ ಜೋಡಣೆಯಾಗುವ ಓಬಿಡಿ ಸಾಕೆಟ್ಟಿನ 7ನೇ ಪಿನ್ನನ್ನು ಅಳೆದೆ. ಸ್ಕ್ಯಾನರಿಗೂ ಕಾರಿನ ಘಟಕಗಳಿಗೂ ನಡುವೆ ಮಾತುಕತೆ ನಡೆಯುವ ಕೆ-ಲೈನ್ ಎಂಬ ಒಂಟಿ ತಂತಿ ಬಂದು ಸೇರುವುದು ಅಲ್ಲಿಗೆ. ಯಾರೂ ಮಾತಾಡದಿರುವಾಗ ಅದರಲ್ಲಿ ಹತ್ತಿರಹತ್ತಿರ ಬ್ಯಾಟರಿಯಷ್ಟೇ ವೋಲ್ಟೇಜು ಇರಬೇಕು. ಯಾವುದಾದರೂ ಘಟಕ ಅದನ್ನು ಕ್ಷಣಕಾಲ ಸೊನ್ನೆಗೆ ಎಳೆದು ಬಿಡುವುದರ ಮೂಲಕವೇ ಮಾಹಿತಿ ಹೋಗುತ್ತದೆ. ನನ್ನ ಮೀಟರಿನಲ್ಲಿ ಕಂಡದ್ದು 0.8 ವೋಲ್ಟ್. ಅಂದರೆ ಯಾರೋ ಆ ತಂತಿಯನ್ನು ಕೆಳಕ್ಕೆ ಹಿಡಿದುಕೊಂಡು ಬಿಡುತ್ತಲೇ ಇರಲಿಲ್ಲ. ಆಗ ನೆನಪಾಯಿತು: ಈ ಕಾರುಗಳ ರೇಡಿಯೊಗೂ ಸ್ವಯಂ ತಪಾಸಣೆಯ ವ್ಯವಸ್ಥೆಯಿದೆ, ಅದಕ್ಕೂ 56 ಎಂಬ ವಿಳಾಸವಿದೆ, ಹಾಗಾಗಿ ಕೆ-ಲೈನ್ ರೇಡಿಯೊದ ‘ಎ’ ಭಾಗದ 3ನೇ ಪಿನ್ನಿಗೂ ಬರುತ್ತದೆ. ನನ್ನ ಅಡಾಪ್ಟರಿನಲ್ಲಿ ಆ ಪಿನ್ನಿನ ತಂತಿ ಸ್ಟೀರಿಯೊದ ಧ್ವನಿ ಅಡಗಿಸುವ ಮ್ಯೂಟ್ ತಂತಿಗೆ ಸೇರಿತ್ತು. ಸ್ಟೀರಿಯೊ ಒಳಗಿನಿಂದ ಅದನ್ನು ಗ್ರೌಂಡಿನ ಕಡೆಗೆ ಎಳೆಯುತ್ತಿತ್ತು. ಇಡೀ ಕಾರಿನ ಘಟಕಗಳೆಲ್ಲ ಹಂಚಿಕೊಳ್ಳುವ ತಂತಿಯ ಕುತ್ತಿಗೆಯನ್ನು ಒಂದು ಸ್ಟೀರಿಯೊ ಹಿಸುಕುತ್ತಿತ್ತು.

ಪರಿಹಾರಕ್ಕೆ ಎರಡು ನಿಮಿಷ ಸಾಕಾಯಿತು. ಕಾರಿನ ಕಡೆಯ ಪ್ಲಗ್ಗನ್ನು ಮುಟ್ಟದೆ, ಅಡಾಪ್ಟರಿನ 3ನೇ ಪಿನ್ನಿನ ಪಕ್ಕದಲ್ಲಿ ತೆಳುವಾದ ಕೊಳವೆಯಾಕಾರದ ಸಲಕರಣೆಯನ್ನು ತೂರಿಸಿ, ಪಿನ್ನನ್ನು ಹಿಡಿದಿದ್ದ ಸಣ್ಣ ಕೊಕ್ಕೆಯನ್ನು ಒತ್ತಿ, ತಂತಿಯನ್ನು ಹಿಂದಿನಿಂದ ಎಳೆದೆ. ಪಿನ್ನು ಹೊರಬಂತು. ಅದಕ್ಕೆ ಬಿಸಿಗೆ ಕುಗ್ಗಿ ಬಿಗಿಯಾಗುವ ಹೀಟ್ ಶ್ರಿಂಕ್ ಕೊಳವೆ ತೊಡಿಸಿ ಬಿಸಿ ಮಾಡಿ, ಹಿಂದಕ್ಕೆ ಮಡಚಿ ಬಟ್ಟೆಯ ಟೇಪು ಸುತ್ತಿದೆ. ಓಬಿಡಿ ಸಾಕೆಟ್ಟಿನಲ್ಲಿ 12 ವೋಲ್ಟ್ ಮರಳಿತು, ಗೇರ್‌ಬಾಕ್ಸು ಮೊದಲ ಪ್ರಯತ್ನದಲ್ಲೇ ಉತ್ತರಿಸಿತು. ಮ್ಯೂಟ್ ಬದಲು 12 ವೋಲ್ಟ್ ತಂತಿಯೇನಾದರೂ ಅಲ್ಲಿಗೆ ಸೇರಿದ್ದರೆ ಘಟಕಗಳೋ ಸ್ಕ್ಯಾನರೋ ಸುಟ್ಟುಹೋಗುವ ಸಂಭವವೂ ಇತ್ತು. ‘ಎ’ ಭಾಗದ 1ನೇ ಪಿನ್ನಿನಲ್ಲಿ ವೇಗಕ್ಕೆ ತಕ್ಕಂತೆ ಧ್ವನಿ ಏರಿಸುವ ಸಂಕೇತ ಬರುತ್ತದೆ. ಹೊಸ ಸ್ಟೀರಿಯೊಗೆ ಅದು ಬೇಡವಾದ್ದರಿಂದ ಅದನ್ನೂ ಹಾಗೆಯೇ ತೆಗೆದೆ.

ಆಂಪ್ಲಿಫೈಯರಿನ ಕಥೆ ಬೇರೆ. ನನ್ನ ಕಾರಿನಲ್ಲಿ ನಾಲ್ಕೂ ದಿಕ್ಕಿನ ಧ್ವನಿ ಕಾರ್ಖಾನೆಯ ಆಂಪ್ಲಿಫೈಯರ್ ಮೂಲಕವೇ ಹೋಗುತ್ತದೆಯಾದ್ದರಿಂದ ‘ಬಿ’ ಭಾಗಕ್ಕೆ ಕೆಲಸವೇ ಇಲ್ಲ. ಸಂಕೇತ ಹೋಗುವುದು ‘ಸಿ’ ಭಾಗದಿಂದ: 1 ಹಿಂದಿನ ಎಡ, 2 ಹಿಂದಿನ ಬಲ, 3 ಸಂಕೇತದ ಗ್ರೌಂಡ್, 4 ಮುಂದಿನ ಎಡ, 5 ಮುಂದಿನ ಬಲ, 6 ಆಂಪ್ಲಿಫೈಯರನ್ನು ಎಬ್ಬಿಸುವ 12 ವೋಲ್ಟ್. ಸ್ಟೀರಿಯೊದ ಆರ್‌ಸಿಎಗಳಿಂದ ಇವುಗಳಿಗೆ ಕವಚವಿರುವ ತಂತಿ ಎಳೆದೆ. 6ನೇ ಪಿನ್ನಿಗೆ ಸ್ಟೀರಿಯೊದ ನೀಲಿ ತಂತಿಯನ್ನು ಕೊಟ್ಟದ್ದು ನನ್ನ ಎರಡನೆಯ ತಪ್ಪು. ರೇಡಿಯೊ ಚೆನ್ನಾಗಿ ಕೇಳುತ್ತಿತ್ತು, ಬ್ಲೂಟೂತಿಗೆ ಬದಲಿಸಿದ ತಕ್ಷಣ ಟಕ್ಕೆಂದು ಸದ್ದಾಗಿ ಎಲ್ಲವೂ ನಿಶ್ಶಬ್ದ. ಬರಿ ನೀಲಿ ತಂತಿ ಆಂಟೆನಾಗೆ ಮೀಸಲಾದದ್ದು, ರೇಡಿಯೊ ಕೇಳುವಾಗ ಮಾತ್ರ ಅದರಲ್ಲಿ ವಿದ್ಯುತ್ ಇರುತ್ತದೆ. ಬಿಳಿ ಗೆರೆಯಿರುವ ನೀಲಿ ತಂತಿಯಲ್ಲಾದರೆ ಸ್ಟೀರಿಯೊ ಹತ್ತಿರುವಷ್ಟು ಹೊತ್ತೂ ಇರುತ್ತದೆ. ಆಂಪ್ಲಿಫೈಯರಿಗೆ ಬೇಕಾದದ್ದು ಇದು.

ಬಿಡುವಾದ ನೀಲಿ ತಂತಿಗೆ ಸರಿಯಾದ ಕೆಲಸ ಕಾದಿತ್ತು. ಈ ಕಾರಿನಲ್ಲಿ ಕೋಲಿನ ಆಂಟೆನಾ ಇಲ್ಲ. ಹಿಂದಿನ ಗಾಜಿನ ಸಣ್ಣ ಗೆರೆಗಳೇ ಆಂಟೆನಾ, ಅದರ ಪಕ್ಕದ ಪುಟ್ಟ ಬೂಸ್ಟರಿಗೆ ವಿದ್ಯುತ್ ಬರುವುದು ಆಂಟೆನಾ ಕೇಬಲ್ಲಿನ ಒಳಗಿನಿಂದಲೇ. ಹಳೆಯ ರೇಡಿಯೊ ಆ ವಿದ್ಯುತ್ತನ್ನು ಕೇಬಲ್ಲಿಗೆ ತುಂಬುತ್ತಿತ್ತು, ಹೊಸದು ತುಂಬುವುದಿಲ್ಲ. ನಡುವೆ, ಕೇಬಲ್ಲಿನೊಳಗೆ ವಿದ್ಯುತ್ ತುಂಬುವ ಫ್ಯಾಂಟಮ್ ಅಡಾಪ್ಟರ್ ಹಾಕಿ ಅದರ ತಂತಿಯನ್ನು ನೀಲಿಗೆ ಸೇರಿಸಿದ ಮೇಲೆ, ಅದುವರೆಗೆ ಬರಿ ಗೊರಗೊರ ಎನ್ನುತ್ತಿದ್ದ ಕೇಂದ್ರಗಳೂ ಸ್ಪಷ್ಟವಾಗಿ ಕೇಳಿದವು.

ಎಂಜಿನ್ ಚಾಲೂ ಮಾಡಿದಾಗ ಇನ್ನೊಂದು ಪೀಡೆ ಎದುರಾಯಿತು. ಆಕ್ಸಿಲರೇಟರ್ ಒತ್ತಿದಂತೆಲ್ಲ ಏರುವ ಕುಂಯ್ ಎಂಬ ಸದ್ದು ಸ್ಪೀಕರುಗಳಲ್ಲಿ ಬರುತ್ತಿತ್ತು. ಇದು ಆಲ್ಟರ್ನೇಟರಿನ ಸದ್ದು ಗ್ರೌಂಡ್ ದಾರಿಯಲ್ಲಿ ಸಂಕೇತದೊಳಗೆ ನುಗ್ಗುವುದರಿಂದ ಆಗುವಂಥದ್ದು. ಡ್ಯಾಶ್‌ಬೋರ್ಡಿನ ಹಿಂದೆ ಕಾರಿನ ಒಡಲಿಗೇ ಒಂದು ತೂತು ಕೊರೆದು ಉಕ್ಕಿನ ಸ್ಕ್ರೂ ಹಾಕಿ ಗ್ರೌಂಡ್ ಬಿಗಿಯುವ ಯೋಚನೆ ಬಂತು. ಡ್ರಿಲ್ಲು ಕೈಗೆ ತೆಗೆದುಕೊಂಡಾಗಲೇ ಈ ಕಾರಿನ ಒಡಲು ಅಲ್ಯೂಮಿನಿಯಮ್ಮಿನದು ಎಂಬುದು ನೆನಪಾಗಿ ನಿಲ್ಲಿಸಿದೆ. ಉಕ್ಕು ಮತ್ತು ಅಲ್ಯೂಮಿನಿಯಂ ತಾಗಿರುವಲ್ಲಿ ತೇವ ಸೇರಿದರೆ ಅಲ್ಯೂಮಿನಿಯಂ ಸವೆಯುತ್ತ ಹೋಗುತ್ತದೆ, ಇಂದು ಗಟ್ಟಿಯಾಗಿರುವ ಗ್ರೌಂಡ್ ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಸಡಿಲವಾಗುತ್ತದೆ. ಅದರ ಬದಲು ಕಾರ್ಖಾನೆಯವರು ಕೊಟ್ಟ 8ನೇ ಪಿನ್ನಿನ ಕಂದು ತಂತಿಯನ್ನೇ ನೆಚ್ಚಿಕೊಂಡು, ನನ್ನ ಅಡಾಪ್ಟರಿನ ಜೋಡಣೆಗಳನ್ನು ಮತ್ತೆ ನೋಡಿದೆ. ಗ್ರೌಂಡಿನ ಕಪ್ಪು ತಂತಿಯ ಕ್ರಿಂಪ್, ಅಂದರೆ ತಂತಿಯನ್ನು ಒತ್ತಿ ಹಿಡಿಯುವ ಲೋಹದ ತುಂಡು, ಅರ್ಧ ಮಾತ್ರ ಕಚ್ಚಿತ್ತು, ಬೆರಳಲ್ಲಿ ಎಳೆದರೆ ಜಾರಿ ಬಂತು. ಹೊಸದಾಗಿ ಕ್ರಿಂಪ್ ಮಾಡಿದ ಮೇಲೆ ಸದ್ದು ಬಹುಮಟ್ಟಿಗೆ ಅಡಗಿತು.

ಬಹುಮಟ್ಟಿಗೆ ಎಂದೆ, ಏಕೆಂದರೆ ಸ್ಟೀರಿಯೊದ ಸಂಕೇತ ಈ ಹಳೆಯ ಆಂಪ್ಲಿಫೈಯರಿಗೆ ಅತಿಯಾಗಿತ್ತು. ಧ್ವನಿಯನ್ನು 5ಕ್ಕೆ ಇಟ್ಟರೂ ಕಿವಿಗೆ ಜೋರು, ಅದರ ಕೆಳಗೆ ಹೊಂದಿಸಲು ಜಾಗವೇ ಇಲ್ಲ, ಉಳಿದ ಸಣ್ಣ ಸದ್ದು ಕೂಡ ಹಿಗ್ಗಿ ಕೇಳುತ್ತಿತ್ತು. ಪ್ರತಿ ಸಂಕೇತದ ತಂತಿಯಲ್ಲೂ 10 ಕಿಲೋಓಮಿನ ರೆಸಿಸ್ಟರನ್ನು ಸಾಲಿನಲ್ಲಿ ಸೇರಿಸಿ, ಅದರ ಆಚೆಯ ತುದಿಯಿಂದ ಸಂಕೇತದ ಗ್ರೌಂಡಿಗೆ 4.7 ಕಿಲೋಓಮಿನ ಇನ್ನೊಂದನ್ನು ಕೊಟ್ಟೆ. ಸಂಕೇತ ಮೂರನೆಯ ಒಂದು ಭಾಗದಷ್ಟಕ್ಕೆ, ಅಂದರೆ ಸುಮಾರು 10 ಡೆಸಿಬೆಲ್‌ನಷ್ಟು ಇಳಿಯಿತು. ಈಗ ಮಾಮೂಲಿ ಕೇಳುವ ಮಟ್ಟ 15ರ ಆಸುಪಾಸಿನಲ್ಲಿದೆ, ಹಾಡುಗಳ ನಡುವಿನ ಮೌನ ನಿಜವಾಗಿಯೂ ಮೌನವಾಗಿದೆ.

ಕೊನೆಯ ಪರೀಕ್ಷೆ ನಿಂತ ಕಾರು ಬ್ಯಾಟರಿಯನ್ನು ಎಷ್ಟು ಹೀರುತ್ತದೆ ಎಂಬುದು. ಬಾಗಿಲು ತೆರೆದಿದ್ದರೂ ಅದರ ಲ್ಯಾಚನ್ನು ಸ್ಕ್ರೂಡ್ರೈವರಿನಿಂದ ಮುಚ್ಚಿದ ಸ್ಥಿತಿಗೆ ತಂದು, ಬ್ಯಾಟರಿಯ ಮೈನಸ್ ಬದಿಯಲ್ಲಿ ಮೀಟರನ್ನು ಸಾಲಿನಲ್ಲಿ ಜೋಡಿಸಿ, ಘಟಕಗಳೆಲ್ಲ ನಿದ್ದೆಹೋಗಲೆಂದು ಅರ್ಧ ಗಂಟೆ ಕಾದೆ. ಹಳೆಯ ರೇಡಿಯೊ ಇದ್ದಾಗ 31 ಮಿಲಿಆಂಪ್ ಎಂದು ಬರೆದಿಟ್ಟುಕೊಂಡಿದ್ದೆ, ಈಗ 34 ತೋರಿಸಿತು. ಆ ಮೂರಕ್ಕೆ ಅಡ್ಡಿಯಿಲ್ಲವೆಂದು ಸ್ಟೀರಿಯೊವನ್ನು ಕಿಂಡಿಯೊಳಗೆ ತಳ್ಳಿ, ಹಿಂದಿನ ಪ್ಲಗ್ಗುಗಳು ಅಲುಗಾಡಿ ಸದ್ದು ಮಾಡದಂತೆ ತೆಳು ಫೋಮ್ ಸುತ್ತಿ ಮುಚ್ಚಿದೆ. ಕಾರಿನ ಮೂಲ ತಂತಿಗಳ ಕಟ್ಟಿನಲ್ಲಿ (ಹಾರ್ನೆಸ್) ಒಂದನ್ನೂ ಕತ್ತರಿಸಿಲ್ಲ. ಅಡಾಪ್ಟರಿನಿಂದ ಬಿಡಿಸಿದ ಎರಡು ತಂತಿಗಳಿಗೂ ‘1 ವೇಗ’, ‘3 ಕೆ-ಲೈನ್, ಜೋಡಿಸಬೇಡಿ’ ಎಂದು ಬರೆದ ಚೀಟಿಗಳನ್ನು ಕಟ್ಟಿದ್ದೇನೆ.