ಅಂಬಾಸಿಡರಿನ ಹಿಂದಿನ ಸೀಟಿಗೆ ಬೆಲ್ಟು: ರೀಲು ಬಿಟ್ಟ ಮೇಲೆ ಆದ ಕೆಲಸ

ಶಿರಸಿ ಪೇಟೆಯಲ್ಲಿ ಹಳೇ ಗಾಡಿ ಬಲ್ಲವರೆಲ್ಲ ಹೇಳಿದ್ದು ಒಂದೇ ಮಾತು: "ಇದು ಆಪದ್ದಲ್ಲ ಮಾರಾಯಾ, ಅಂಬಾಸಿಡರಿನ ತಗಡು ತಡೀತಿಲ್ಲೆ." ನನ್ನ ಮಾರ್ಕ್ 3 ಅಂಬಾಸಿಡರಿನ ಹಿಂದಿನ ಸೀಟಿಗೆ ಮೂರು ಪಾಯಿಂಟಿನ ಎರಡು ಬೆಲ್ಟು ಕೂರಿಸಿ ಮಳೆಗಾಲಗಳೇ ಕಳೆದವು. ದೇವಿಮನೆ ಘಟ್ಟ ಹತ್ತಿ ಇಳಿದು ಒಂದು ಬೋಲ್ಟೂ ಸಡಿಲಾಗಿಲ್ಲ. ತಗಡು ತಡೆಯುವುದಿಲ್ಲ ಅನ್ನುವುದು ಅರ್ಧ ನಿಜ, ಬರೀ ವಾಶರ್ ಹಾಕಿ ಬಿಗಿದರೆ ಖಂಡಿತ ತಡೆಯುವುದಿಲ್ಲ. ಆದರೆ ಈ ಕೆಲಸ ಹೆಚ್ಚಾಗಿ ಕೆಡುವುದು ತಗಡಿನಲ್ಲಿ ಅಲ್ಲ, ಬೆಲ್ಟನ್ನು ತಾನೇ ಸುತ್ತಿಕೊಳ್ಳುವ ರೀಲಿನಲ್ಲಿ.

ಈಗಿನ ಸಣ್ಣ ಕಾರುಗಳ ಹಿಂದಿನ ರೀಲು ಗುಜರಿಯಲ್ಲಿ ಜೋಡಿಗೆ 1,500 ರೂಪಾಯಿಯೊಳಗೆ ಸಿಗುತ್ತದೆ, ಹಾಗಾಗಿ ಎಲ್ಲರೂ ಮೊದಲು ಅದಕ್ಕೇ ಕೈ ಹಾಕುವುದು. ನನ್ನ 1,500 ಹೋದದ್ದೂ ಅಲ್ಲಿಗೇ. ರೀಲಿನೊಳಗೆ ಒಂದು ಸಣ್ಣ ಉಕ್ಕಿನ ಗುಂಡು ಬಟ್ಟಲಲ್ಲಿ ಕೂತಿರುತ್ತದೆ. ಗಾಡಿ ಗಕ್ಕನೆ ನಿಂತರೆ, ಇಲ್ಲವೇ ವಾಲಿದರೆ ಗುಂಡು ಸರಿದು ಕೊಕ್ಕೆಯನ್ನು ಎತ್ತಿ ಹಲ್ಲಿಗೆ ಸಿಕ್ಕಿಸುತ್ತದೆ. ರೀಲಿನ ನಿಯಮ ಹೀಗಿದೆ: 12 ಡಿಗ್ರಿ ವಾಲುವ ತನಕ ಲಾಕ್ ಆಗಬಾರದು, 27 ದಾಟಿದರೆ ಆಗಲೇಬೇಕು. ಈ ಲೆಕ್ಕವೆಲ್ಲ ಆ ರೀಲು ತನ್ನ ಮೂಲ ಕಾರಿನಲ್ಲಿ ಯಾವ ಕೋನದಲ್ಲಿ ಕೂತಿತ್ತೋ ಆ ಕೋನದಿಂದ. ನಮ್ಮ ಗಾಡಿಯ ಹಿಂದಿನ ಗಾಜಿನ ಕೆಳಗಿನ ಹಲಗೆಯ ಮೇಲೆ ಇಟ್ಟಾಗ ಅದು ಹತ್ತು ಹನ್ನೆರಡು ಡಿಗ್ರಿ ಮೊದಲೇ ವಾಲಿರುತ್ತದೆ. ಅಂಗಳದಲ್ಲಿ ಬೆಲ್ಟು ಚೆಂದ ಬಿಚ್ಚಿಕೊಳ್ಳುತ್ತದೆ. ಘಟ್ಟದ ಏರಿಗೆ ಮೂತಿ ಎತ್ತಿದರೆ, ತಿರುವಿನಲ್ಲಿ ವಾಲಿದರೆ ಲಾಕ್. ಕೂತವರು ಮುಂದೆ ಬಗ್ಗುವ ಹಾಗಿಲ್ಲ. ಆಮೇಲೆ ಅವರು ಬೆಲ್ಟು ಹಾಕುವುದನ್ನೇ ಬಿಡುತ್ತಾರೆ. ಕೆಳಗೆ ಆಪು, ಅಂದರೆ ಬೆಣೆ ಕೊಟ್ಟು ಮಟ್ಟ ಮಾಡಬಹುದು ನಿಜ, ಆದರೆ ಆ ಆಪೇ ಬೋಲ್ಟನ್ನು ಬಗ್ಗಿಸುವ ಸನ್ನೆಕೋಲಾಗುತ್ತದೆ.

ಇನ್ನೊಂದು ತೊಂದರೆ ಯಾರೂ ಹೇಳುವುದಿಲ್ಲ. ಹಲಗೆಯಿಂದ ಬಂದ ಬೆಲ್ಟು ಒರಗುದಿಂಬಿನ ತಲೆಯ ಮೇಲೆ ಹಾದು ಭುಜಕ್ಕೆ ಬರಬೇಕು. ಅಂಬಾಸಿಡರಿನ ಒರಗುದಿಂಬಿನಲ್ಲಿ ಇರುವುದು ಸ್ಪ್ರಿಂಗು ಮತ್ತು ನಾರು. ಜೋರಾಗಿ ಎಳೆದರೆ ದಿಂಬು ಕುಸಿಯುತ್ತದೆ, ಕುಸಿದಷ್ಟೂ ಬೆಲ್ಟು ಸಡಿಲ. ಜೊತೆಗೆ ಎಳೆತ ಭುಜವನ್ನು ಕೆಳಕ್ಕೆ ಒತ್ತುತ್ತದೆ, ಆ ಭಾರವೆಲ್ಲ ಬೆನ್ನುಮೂಳೆಗೆ. ಮೇಲಿನ ಬೋಲ್ಟು ಕೂತವರ ಭುಜದ ಮಟ್ಟಕ್ಕೆ ಅಥವಾ ತುಸು ಮೇಲೆ ಇರಬೇಕು, ಅಂದರೆ ಹಿಂದಿನ ಬಾಗಿಲಿಗೂ ಹಿಂದಿನ ಗಾಜಿಗೂ ನಡುವಿನ ಕಂಬದಲ್ಲೇ. ಈ ಗಾಡಿಯ ಕಂಬ ಅಗಲವಾಗಿದೆ, ಅದೇ ನಮ್ಮ ಪುಣ್ಯ.

ಹಾಗಾಗಿ ರೀಲಿಲ್ಲದ, ಕೈಯಿಂದ ಬಿಗಿಮಾಡುವ ಬೆಲ್ಟು. ಹೊಸದು, ಚೀಟಿಯ ಮೇಲೆ ವೃತ್ತದೊಳಗೆ ಇ ಅಕ್ಷರ (ಪರೀಕ್ಷೆ ಪಾಸಾದ ಗುರುತು) ಇರುವಂಥದು, ಜೋಡಿಗೆ ಮೂರು ಸಾವಿರದ ಆಸುಪಾಸು ಬಿತ್ತು. ಗುದ್ದಿದ ಗಾಡಿಯಿಂದ ಬಿಚ್ಚಿದ್ದು ಪುಕ್ಕಟೆ ಕೊಟ್ಟರೂ ಬೇಡ. ಒಮ್ಮೆ ಎಳೆತ ತಿಂದ ಪಟ್ಟಿ ಹಿಗ್ಗಿರುತ್ತದೆ, ಕಣ್ಣಿಗೆ ಗೊತ್ತಾಗುವುದಿಲ್ಲ. ಮಕ್ಕಳ ಸೀಟು ಕಟ್ಟುವವರಿಗೆ ರೀಲಿಲ್ಲದ್ದೇ ಮೇಲು, ಮೊಣಕಾಲು ಊರಿ ಎಳೆದರೆ ಎಳೆದಲ್ಲೇ ನಿಲ್ಲುತ್ತದೆ.

ಬೋಲ್ಟಿನ ವಿಷಯಕ್ಕೆ ಬರೋಣ. ಸೀಟು ಬೆಲ್ಟಿನ ಬೋಲ್ಟು ಯಾವ ದೇಶದ ಗಾಡಿಯಾದರೂ ಸಾಮಾನ್ಯವಾಗಿ 7/16 ಇಂಚು ಯುಎನ್‌ಎಫ್, ಅಂದರೆ ಸಣ್ಣ ಎಳೆಯ ತ್ರೆಡ್ಡು, ಇಂಚಿಗೆ 20 ಎಳೆ. ಹಾರ್ಡ್‌ವೇರ್ ಅಂಗಡಿಯಲ್ಲಿ 7/16ರ ನಟ್ಟು ಕೇಳಿದರೆ ಕೊಡುವುದು 14 ಎಳೆಯ ದಪ್ಪ ಎಳೆಯದು, ಎರಡು ಸುತ್ತು ತಿರುಗುವಷ್ಟರಲ್ಲಿ ಹಿಡಿದುಕೊಳ್ಳುತ್ತದೆ. ಪಾನಾ ಹಾಕಿ ಒತ್ತಾಯ ಮಾಡಿದರೆ ಬೋಲ್ಟೂ ಹಾಳು, ನಟ್ಟೂ ಹಾಳು. ಅಂಬಾಸಿಡರೇ ಯುಎನ್‌ಎಫ್ ಗಾಡಿ, ಆದ್ದರಿಂದ ಹುಬ್ಬಳ್ಳಿಯ ಹಳೇ ಬಿಡಿಭಾಗದ ಅಂಗಡಿಯಲ್ಲಿ ಡಬ್ಬಿ ಕೆದಕಿದರೆ ಸಿಗುತ್ತದೆ. ಬೋಲ್ಟಿನ ಗಟ್ಟಿತನ ತಿಳಿಯಲು ತಲೆ ನೋಡಿ: ಮೂರು ಗೀರು ಇದ್ದರೆ ಗ್ರೇಡ್ 5, ಆರಿದ್ದರೆ ಇನ್ನೂ ಗಟ್ಟಿಯಾದ ಗ್ರೇಡ್ 8. ಗೀರೇ ಇಲ್ಲದ್ದನ್ನು ಅಲ್ಲೇ ಬಿಟ್ಟು ಬನ್ನಿ. ಪಟ್ಟಿಯ ತುದಿಯ ಲೋಹದ ಕಿವಿ ತಿರುಗಬೇಕು, ಅದಕ್ಕೆ ಮೆಟ್ಟಿಲಿರುವ ಬೋಲ್ಟು ಬೆಲ್ಟಿನ ಜೊತೆಗೇ ಬರುತ್ತದೆ. ಸಾದಾ ಬೋಲ್ಟು ಹಾಕಿ ಕಿವಿಯನ್ನು ಕಚ್ಚಿಸಿಬಿಟ್ಟರೆ ಪಟ್ಟಿ ಮಡಚಿ ಅಂಚು ಸವೆಯುತ್ತದೆ.

ಕಾರವಾರದ ಕಡೆಯವರು ತುಕ್ಕಿಗೆ ಹೆದರಿ ಬೈತಖೋಲದ ದೋಣಿ ಸಾಮಾನಿನ ಅಂಗಡಿಯಿಂದ ಸ್ಟೇನ್‌ಲೆಸ್ ಬೋಲ್ಟು ತರುತ್ತಾರೆ. ಬೇಡ. ಸಾಮಾನ್ಯ ಎ2-70 ಸ್ಟೇನ್‌ಲೆಸ್ಸಿನ ತಾಕತ್ತು 700 ಮೆಗಾಪಾಸ್ಕಲ್, 8.8 ಗುರುತಿನ ಉಕ್ಕಿನ ಬೋಲ್ಟಿನದು 800. ಮೇಲಿಂದ ಎಳೆ ಎಳೆಗೆ ಕಚ್ಚಿಕೊಂಡರೆ ಬಿಚ್ಚಲು ಗ್ರೈಂಡರೇ ಗತಿ. ದೋಣಿಯವರಿಂದ ತರಬೇಕಾದ್ದು ಬೋಲ್ಟಲ್ಲ, ಅವರ ಎಪಾಕ್ಸಿ ಬಣ್ಣ.

ವಾಶರಿನ ಬದಲು ಬೋಲ್ಟಿನ ಹಿಂದೆ ಹಾಕುವ ಪ್ಲೇಟು: 3 ಮಿಮೀ ಉಕ್ಕಿನ ತಗಡು, ಸುಮಾರು 75ಕ್ಕೆ 50, ಮೂಲೆಗಳನ್ನು ಗುಂಡಗೆ ಉಜ್ಜಿ. ಚೂಪು ಮೂಲೆ ಎಳೆತ ಬಿದ್ದಾಗ ಗಾಡಿಯ ತಗಡನ್ನು ಡಬ್ಬಿ ಕೊಯ್ದಂತೆ ಕೊಯ್ಯುತ್ತದೆ. ನಡುವೆ ನಟ್ಟು ಬೆಸೆದಿರಬೇಕು, ಬೆಸೆಯುವಾಗ ಒಂದು ಹಳೇ ಬೋಲ್ಟು ತಿರುಗಿಸಿಟ್ಟುಕೊಳ್ಳಿ, ಎಳೆ ಸೊಟ್ಟಗಾಗುವುದಿಲ್ಲ. ಪ್ಲೇಟು ಕೂರಬೇಕಾದ್ದು ಎಳೆತದ ಎದುರು ಮುಖಕ್ಕೆ: ಸೀಟಿನ ಕೆಳಗಿನದಕ್ಕೆ ಗಾಡಿಯ ಹೊಟ್ಟೆಯ ಕಡೆ, ಕಂಬದ್ದಕ್ಕೆ ಕಂಬದ ಒಳಗೆ. ಆಗ ಅಪಘಾತದಲ್ಲಿ ಪ್ಲೇಟು ತಗಡಿಗೆ ಒತ್ತಿಕೊಳ್ಳುತ್ತದೆ, ವೆಲ್ಡಿಂಗಿನ ಕೆಲಸ ಅದನ್ನು ಜಾಗದಲ್ಲಿ ಹಿಡಿದಿಡುವುದಷ್ಟೇ. ಕೂತವರ ಕಡೆಯ ಮುಖಕ್ಕೆ ಬೆಸೆದರೆ ಎಲ್ಲ ಭಾರ ವೆಲ್ಡಿನ ಮೇಲೆ.

ಗೇಟು ಕಿಟಕಿ ಮಾಡುವವರ ಆರ್ಕ್ ವೆಲ್ಡಿಂಗು ಇಲ್ಲಿಗೆ ಆಗುವುದಿಲ್ಲ, ಒಂದು ಮಿಮೀ ತಗಡಿನಲ್ಲಿ ತೂತು ಬೀಳುತ್ತದೆ. ಮಿಗ್ (ಗ್ಯಾಸಿನಡಿ ತಂತಿಯನ್ನೇ ಕರಗಿಸುವ ವೆಲ್ಡಿಂಗು), 0.8 ಮಿಮೀ ತಂತಿ, ಎರಡೆರಡು ಸೆಂಟಿಮೀಟರಿನ ತುಂಡು ಹೊಲಿಗೆ, ಮಧ್ಯೆ ತಣಿಯಲು ಬಿಡಬೇಕು. ಬ್ಯಾಟರಿ ಕಳಚಿ, ಸೀಟು ಪೂರಾ ಹೊರಗೆ, ಪೆಟ್ರೋಲ್ ಟ್ಯಾಂಕು ಇಳಿಸಿ ದೂರ ಇಡಿ. ಟ್ಯಾಂಕು ಡಿಕ್ಕಿಯ ನೆಲದ ಕೆಳಗೇ ಇದೆ, "ಒದ್ದೆ ಗೋಣಿ ಹೊದಿಸಿದರೆ ಸಾಕು" ಅನ್ನುವವರ ಹತ್ತಿರ ಕೆಲಸ ಮಾಡಿಸಬೇಡಿ. ವೆಲ್ಡಿಂಗಿಗೆ ಒಟ್ಟು 1,200 ಕೊಟ್ಟ ನೆನಪು.

ಜಾಗ ಗುರುತಿಸುವ ಮೊದಲು ಅಯಸ್ಕಾಂತ ಹಿಡಿದು ಸುತ್ತಿ. ಕರಾವಳಿಯಲ್ಲಿ ಓಡಿದ ಗಾಡಿಯ ಚಕ್ರದ ಕಮಾನಿನ ಬುಡ ಬಹುತೇಕ ಪುಟ್ಟಿಯೇ. ಅಯಸ್ಕಾಂತ ಕಚ್ಚದಿದ್ದರೆ, ಸ್ಕ್ರೂಡ್ರೈವರ್ ಒತ್ತಿದಾಗ ತಗ್ಗು ಬಿದ್ದರೆ, ಮೊದಲು ಟಿಂಕರಿಂಗು, ಆಮೇಲೆ ಬೆಲ್ಟು. ಕೆಳಗಿನ ಎರಡು ಬೋಲ್ಟಿನ ನಡುವೆ ಒಬ್ಬರಿಗೆ ಕನಿಷ್ಠ 350 ಮಿಮೀ ಇರಲಿ. ಸೊಂಟದ ಪಟ್ಟಿಯ ಕೋನ ನೆಲಮಟ್ಟದಿಂದ 45ರಿಂದ 60 ಡಿಗ್ರಿಯೊಳಗೆ ಬಂದರೆ ಒಳ್ಳೆಯದು. ಇದನ್ನು ಖಾಲಿ ಸೀಟಿನಲ್ಲಿ ಅಳೆದರೆ ಉಪಯೋಗವಿಲ್ಲ. ದಪ್ಪಗಿನ ಒಬ್ಬರನ್ನು ಕೂರಿಸಿ, ಮೊಬೈಲಿನ ಮಟ್ಟ ತೋರಿಸುವ ಆ್ಯಪ್ ಪಟ್ಟಿಗೆ ಹಚ್ಚಿ ನೋಡಿ. ಹಳೇ ಸ್ಪ್ರಿಂಗ್ ಸೀಟು ಮೂರು ನಾಲ್ಕು ಇಂಚು ಕುಸಿಯುತ್ತದೆ, ಕೋನ ಅಷ್ಟೇ ಚಪ್ಪಟೆಯಾಗುತ್ತದೆ. ಚಪ್ಪಟೆ ಪಟ್ಟಿಯ ಅಡಿಯಿಂದ ದೇಹ ಮುಂದಕ್ಕೆ ಜಾರುತ್ತದೆ, ಪಟ್ಟಿ ಎಲುಬು ಬಿಟ್ಟು ಹೊಟ್ಟೆಗೆ ಏರುತ್ತದೆ. ನಾನು ಸೀಟಿನ ಕೆಳಗೆ ಮುಂದಿನ ಅಂಚಿಗೆ ಗಟ್ಟಿ ಫೋಮಿನ ಪಟ್ಟಿ ಕೊಟ್ಟೆ, ಜಾರುವುದು ಕಡಿಮೆಯಾಯಿತು.

ತೂತು ಮೊದಲು 3, ಆಮೇಲೆ 6, ಕೊನೆಗೆ ಹನ್ನೊಂದೂವರೆ ಮಿಮೀ. ಮೊದಲು ಕೆಳಗೆ ತೂರಿ ಬ್ರೇಕ್ ಪೈಪು, ಪೆಟ್ರೋಲ್ ಪೈಪು ಎಲ್ಲಿ ಹೋಗಿವೆ ನೋಡಿಕೊಳ್ಳಿ. ಬಿಗಿತ 40 ನ್ಯೂಟನ್ ಮೀಟರ್ ಸುಮಾರು, ಎಳೆಗೆ ಗ್ರೀಸು ಬೇಡ. ಕಂಬದೊಳಗೆ ಪ್ಲೇಟು ಹೋಗುವುದು ಹಿಂದಿನ ಹಲಗೆಯ ಪಕ್ಕದ ಸಂದಿಯಿಂದ, ನಟ್ಟಿನ ಮೂಲಕ ತಂತಿ ಪೋಣಿಸಿ ಮೇಲಿನ ತೂತಿನಿಂದ ಸೆಳೆದರೆ ತಾನೇ ಬಂದು ಕೂರುತ್ತದೆ. ಚಾವಣಿಯ ಬಟ್ಟೆ ಕತ್ತರಿಸದೆ, ಸುಡದೆ ಅದನ್ನು ಅಲ್ಲಿ ಬೆಸೆದದ್ದು ಹೇಗೆ ಅಂತ ಬರೆಯುವುದಿಲ್ಲ. ಅದಕ್ಕೆ ಪಟ್ಟ ಪಾಡು ನನ್ನದು, ಗಾಡಿ ತಂದರೆ ತೋರಿಸುತ್ತೇನೆ.

ನಡುವೆ ಒಂದು ಪ್ರಯೋಗ. ಗುಜರಿಯಿಂದ ಅಂಬಾಸಿಡರ್ ನೆಲದ ತಗಡಿನ ತುಂಡು ತಂದು, ಒಂದು ಬೋಲ್ಟಿಗೆ 50 ಮಿಮೀ ವಾಶರ್, ಇನ್ನೊಂದಕ್ಕೆ ಪ್ಲೇಟು ಹಾಕಿ, ಒಂದು ಟನ್ನಿನ ಚೈನ್ ಪುಲ್ಲಿಯಲ್ಲಿ ಎಳೆದದ್ದು. ವಾಶರ್ ತಟ್ಟೆಯ ಹಾಗೆ ಬಗ್ಗಿ ತಗಡಿನೊಳಗಿಂದ ಕಿತ್ತುಕೊಂಡು ಹೊರಬಂತು. ಪ್ಲೇಟಿನ ಕಡೆ ತಗಡು ಉಬ್ಬಿತು, ಬಿಡಲಿಲ್ಲ. ನಿಜವಾದ ಪರೀಕ್ಷೆಯಲ್ಲಿ ಭುಜದ ಪಟ್ಟಿಗೂ ಸೊಂಟದ ಪಟ್ಟಿಗೂ ತಲಾ 13.5 ಕಿಲೋನ್ಯೂಟನ್, ಅಂದರೆ ಟನ್ನಿಗಿಂತ ಹೆಚ್ಚೇ ಎಳೆಯುತ್ತಾರೆ. ಹಾಗಾಗಿ ಇದನ್ನು ಪ್ರಮಾಣಪತ್ರ ಅಂದುಕೊಳ್ಳುವುದು ಬೇಡ. ಸಂಶಯ ಪಟ್ಟವರ ಬಾಯಿ ಮುಚ್ಚಿಸಲು ಸಾಕಾಯಿತು. ಈ ಆಟ ಗುಜರಿ ತುಂಡಿನ ಮೇಲೆ ಮಾತ್ರ, ಹಾಕುವ ಬೆಲ್ಟಿನ ಮೇಲೆ ಬೇಡ.

ಒಟ್ಟು ಖರ್ಚು ಏಳು ಸಾವಿರದೊಳಗೆ, ಹಾಳಾದ ರೀಲು ಸೇರಿಸಿ. ಒರಗುದಿಂಬನ್ನೂ ಎರಡು ಪಟ್ಟಿ ಕೊಟ್ಟು ಹಿಂದಿನ ತಗಡಿಗೆ ಬಿಗಿದುಬಿಡಿ. ಡಿಕ್ಕಿಯಲ್ಲಿ ಅಡಿಕೆ ಚೀಲ ಇರುವ ಗಾಡಿಯಲ್ಲಿ ದಿಂಬು ಬರೀ ಕೊಕ್ಕೆಯ ಮೇಲೆ ನಿಂತಿರುವುದು ಒಳ್ಳೆಯದಲ್ಲ, ಚೀಲ ಮುಂದೆ ಬಂದರೆ ಬೆಲ್ಟು ಹಾಕಿದವರ ಬೆನ್ನಿಗೇ. ಮೊದಲ ಸಲ ಘಟ್ಟ ಇಳಿದು ಬಂದ ಮೇಲೆ ಒಮ್ಮೆ ಪಾನಾ ಹಾಕಿ ನೋಡಿ, ಆಮೇಲೆ ಪ್ರತಿ ಮಳೆಗಾಲ ಮುಗಿದಾಗ ಹೊಟ್ಟೆಯ ಕಡೆ ಪ್ಲೇಟಿನ ಅಂಚು ಕೆರೆದು ಎಪಾಕ್ಸಿ ಬಳಿಯಿರಿ. ನಡುವೆ ಕೂರುವವರಿಗೆ ಬರೀ ಸೊಂಟದ ಪಟ್ಟಿ ಹಾಕುವ ಯೋಚನೆ ಇದೆ, ಒಂದು ಕಡೆಯ ಬೋಲ್ಟಿನ ಜಾಗಕ್ಕೆ ಬ್ರೇಕ್ ಪೈಪು ಅಡ್ಡ ಬರುತ್ತಿದೆ.